ಕೂಪನ್ ಚೀಟಿ: ಉಳಿತಾಯವೋ, ಖರ್ಚೋ?



ಉಗಾದಿ ಬರಲಿ, ದೀಪಾವಳಿ ಬರಲಿ, ರಂಜಾನ್ ಬರಲಿ. ಕನಕದುರ್ಗಮ್ಮನ ಸಿಡಿಬಂಡಿ ಬರಲಿ. ನಮ್ಮ ಬಳ್ಳಾರಿಯಲ್ಲಿ ಹಬ್ಬಕ್ಕಿಂತ ಮೊದಲು ಬರುವುದು ಚೀಟಿ. ಬ್ರೂಸ್‌ಪೇಟೆಯ ಅಂಗಡಿ ಸಾಲಿನಲ್ಲಿ ಹಾದು ಹೋದರೆ ಸಾಕು, ಕೈಗೆ ಒಂದು ಬಣ್ಣದ ಚೀಟಿ ಬರುತ್ತದೆ. ಪೇಪರಿನ ನಡುವೆ ಚೀಟಿ. ಸೋಪಿನ ಪೊಟ್ಟಣದ ಒಳಗೆ ಚೀಟಿ. ಈಗಂತೂ ಮೊಬೈಲಿನ ಒಳಗೂ ಚೀಟಿ.

ಮೊದಲು ನಾವು ಈ ಚೀಟಿಯನ್ನು ಏನು ಮಾಡುತ್ತಿದ್ದೆವು? ಮಗುವಿಗೆ ಆಡಲು ಕೊಡುತ್ತಿದ್ದೆವು. ಡಬ್ಬಿಯ ಅಡಿಗೆ ಹಾಸುತ್ತಿದ್ದೆವು. ಈಗ ನಮಗೆ ಓದು ಬಂದಿದೆ. ಚೀಟಿ ಓದುತ್ತೇವೆ. ಓದಿದ ಮೇಲೆ ಆಸೆಯೂ ಹುಟ್ಟುತ್ತದೆ. "200 ರೂಪಾಯಿ ಉಚಿತ" ಅಂತ ಬರೆದಿದ್ದರೆ ಯಾರಿಗೆ ಬೇಡ?

ಓದುವುದು ಒಂದು ಕೆಲಸ. ಓದಿ ಲೆಕ್ಕ ಹಾಕುವುದು ಇನ್ನೊಂದು ಕೆಲಸ. ಈ ಪಾಠದಲ್ಲಿ ನಾವು ಎರಡನ್ನೂ ಮಾಡೋಣ. ಕೂಪನ್ ಯಾವಾಗ ಲಾಭ? ಯಾವಾಗ ನಷ್ಟ? ನೋಡೋಣ.

ಕೂಪನ್ ಅಂದ್ರೆ ಏನು?

ಕೂಪನ್ ಅಂದರೆ ಒಂದು ಮಾತು ಕೊಡುವ ಚೀಟಿ. "ಈ ಚೀಟಿ ತಂದರೆ ಇಷ್ಟು ಕಡಿಮೆ ಮಾಡುತ್ತೇವೆ" ಅಥವಾ "ಇಂಥ ಸಾಮಾನು ಕೊಡುತ್ತೇವೆ" ಎಂದು ಅಂಗಡಿಯವರು ಇಲ್ಲವೇ ಕಂಪನಿಯವರು ಹೇಳುವ ಮಾತು.

ಇದು ಹೊಸದಲ್ಲ. ಅಮೆರಿಕದಲ್ಲಿ 1880ರ ದಶಕದ ಕೊನೆಯಲ್ಲಿಯೇ ಕೋಕಾ-ಕೋಲಾ ಕಂಪನಿ ಇಂಥ ಚೀಟಿ ಹಂಚಿತು. ಚೀಟಿ ತೋರಿಸಿದರೆ ಒಂದು ಲೋಟ ಪಾನೀಯ ಪುಕ್ಕಟೆ. ಒಮ್ಮೆ ರುಚಿ ಹತ್ತಿದವರು ಮತ್ತೆ ದುಡ್ಡು ಕೊಟ್ಟು ಕುಡಿದರು. ಕಂಪನಿ ಬೆಳೆಯಿತು.

ಅಂಗಡಿಯವರು ಕೂಪನ್ ಯಾಕೆ ಕೊಡುತ್ತಾರೆ? ಮೂರು ಕಾರಣ ಇವೆ.

ಒಂದು, ಹೊಸ ಗಿರಾಕಿ ಬರಲಿ ಅಂತ.
ಎರಡು, ಉಳಿದ ಹಳೆಯ ಮಾಲು ಖಾಲಿಯಾಗಲಿ ಅಂತ.
ಮೂರು, 500 ರೂಪಾಯಿಯ ವ್ಯಾಪಾರಕ್ಕೆ ಬಂದವರು 1,000 ರೂಪಾಯಿಯ ವ್ಯಾಪಾರ ಮಾಡಲಿ ಅಂತ.

ಇದರಲ್ಲಿ ತಪ್ಪೇನೂ ಇಲ್ಲ. ವ್ಯಾಪಾರ ಅವರ ಕೆಲಸ. ಸಂಸಾರದ ಲೆಕ್ಕ ನಮ್ಮ ಕೆಲಸ. ಅವರ ಲೆಕ್ಕ ಅವರು ಮಾಡಿಯೇ ಚೀಟಿ ಅಚ್ಚು ಹಾಕಿಸಿರುತ್ತಾರೆ. ನಮ್ಮ ಲೆಕ್ಕ ನಾವು ಮಾಡಿಯೇ ಅಂಗಡಿ ಮೆಟ್ಟಿಲು ಹತ್ತಬೇಕು.

ಸಣ್ಣ ಅಕ್ಷರ ಓದೋಣ

ಒಂದು ಕೂಪನ್ ಹೀಗಿದೆ ಎಂದು ಇಟ್ಟುಕೊಳ್ಳೋಣ. ಗಟ್ಟಿಯಾಗಿ ಓದಿ.

ಹಬ್ಬದ ಬಂಪರ್ ಕೊಡುಗೆ!
200 ರೂಪಾಯಿ ಉಚಿತ!
1,500 ರೂಪಾಯಿ ಮೇಲ್ಪಟ್ಟ ಖರೀದಿಗೆ ಮಾತ್ರ. ಆಯ್ದ ಬಟ್ಟೆಗಳಿಗೆ ಮಾತ್ರ. ಒಂದು ಬಿಲ್ಲಿಗೆ ಒಂದೇ ಕೂಪನ್. ಈ ತಿಂಗಳ 30ರವರೆಗೆ ಮಾತ್ರ. ಷರತ್ತು ಅನ್ವಯ.

ಮೇಲಿನ ಎರಡು ಸಾಲು ಅಂಗೈ ಅಗಲ ಇರುತ್ತವೆ. ಕೆಳಗಿನ ಸಾಲುಗಳು ಇರುವೆಯಷ್ಟು ಸಣ್ಣ. ದೊಡ್ಡ ಅಕ್ಷರ ಆಸೆ ಹೇಳುತ್ತದೆ. ಸಣ್ಣ ಅಕ್ಷರ ಷರತ್ತು ಹೇಳುತ್ತದೆ. ನಾವು ಕೆಳಗಿನಿಂದ ಓದುವುದನ್ನು ಕಲಿಯೋಣ.

"ಮಾತ್ರ" ಎಂಬ ಪದ ಎಷ್ಟು ಸಲ ಬಂದಿದೆ? ಎಣಿಸಿ. ಮೂರು ಸಲ. ಒಂದೊಂದು "ಮಾತ್ರ" ಅಂದರೆ ಒಂದೊಂದು ಬೇಲಿ. ಬೇಲಿಯ ಒಳಗೆ ನಾವು ಇದ್ದೇವೋ ಇಲ್ಲವೋ ಎಂದು ಮೊದಲು ನೋಡಬೇಕು.

ಇನ್ನೂ ಕೆಲವು ಪದ ನೆನಪಿಡಿ.

ಮೇಲ್ಪಟ್ಟು: ಅಷ್ಟು ಅಥವಾ ಅದಕ್ಕಿಂತ ಹೆಚ್ಚಿನ ವ್ಯಾಪಾರ ಮಾಡಿದರೆ ಮಾತ್ರ ಕೂಪನ್ ನಡೆಯುತ್ತದೆ.

ಆಯ್ದ: ಎಲ್ಲಾ ಸಾಮಾನಿಗೆ ಅಲ್ಲ. ಅವರು ಆರಿಸಿ ಇಟ್ಟ ಸಾಮಾನಿಗೆ.

ವರೆಗೆ: "ಶೇಕಡಾ 50ರವರೆಗೆ ರಿಯಾಯಿತಿ" ಅಂದರೆ ಎಲ್ಲದಕ್ಕೂ 50 ಅಲ್ಲ. ಒಂದಕ್ಕೆ 50 ಇರಬಹುದು. ಇನ್ನೊಂದಕ್ಕೆ 5 ಇರಬಹುದು.

ಶೇಕಡಾ: ನೂರಕ್ಕೆ ಎಷ್ಟು ಎಂಬ ಲೆಕ್ಕ. ಶೇಕಡಾ 20 ಅಂದರೆ ನೂರು ರೂಪಾಯಿಗೆ 20 ರೂಪಾಯಿ ಕಡಿಮೆ. 500 ರೂಪಾಯಿ ಸಾಮಾನಿಗೆ 100 ರೂಪಾಯಿ ಕಡಿಮೆ.

ಇನ್ನೊಂದು ಮಾತು. 1,000 ರೂಪಾಯಿ ಎಂದು ಬರೆದು, ಅದಕ್ಕೆ ಗೀಟು ಹಾಕಿ, ಪಕ್ಕದಲ್ಲಿ 500 ಎಂದು ಬರೆದಿರುತ್ತಾರೆ. ಗೀಟು ಹಾಕಿದ ಬೆಲೆ ನೋಡಬೇಡಿ. ಅದೇ ಸೀರೆ, ಅಂಥದೇ ನೂಲು, ಪಕ್ಕದ ಅಂಗಡಿಯಲ್ಲಿ ಎಷ್ಟು ಎಂದು ಕೇಳಿ. ಅಲ್ಲಿಯೂ 500 ಇದ್ದರೆ ರಿಯಾಯಿತಿ ಎಲ್ಲಿ ಬಂತು?

ಉಳಿದದ್ದು ಎಷ್ಟು? ಹೋದದ್ದು ಎಷ್ಟು?

ಈಗ ಒಂದು ಸಂಸಾರದ ಲೆಕ್ಕ ನೋಡೋಣ. ಬ್ರೂಸ್‌ಪೇಟೆಯ ಒಂದು ಕಲಿಕಾ ಕೇಂದ್ರ. ಅಲ್ಲಿ ಓದಲು ಬರುವ ಒಬ್ಬ ಅಕ್ಕ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ಮಾಡುತ್ತಾಳೆ. ಅವಳ ಮಗನಿಗೆ ಹಬ್ಬಕ್ಕೆ ಪ್ಯಾಂಟು, ಅಂಗಿ ಬೇಕಿತ್ತು. ಬೆಲೆ 700 ರೂಪಾಯಿ. ಕೈಯಲ್ಲಿ ಮೇಲಿನ ಕೂಪನ್ ಇತ್ತು. ಆದರೆ 1,500 ಆಗಬೇಕಲ್ಲ? 500 ರೂಪಾಯಿಯ ಒಂದು ಸೀರೆ ತೆಗೆದಳು. 300 ರೂಪಾಯಿಯ ಒಂದು ಹೊದಿಕೆ ತೆಗೆದಳು. ಸರಿಯಾಗಿ 1,500 ಆಯಿತು. 200 ಕಳೆದು 1,300 ಕೊಟ್ಟು ಬಂದಳು.

"ಯಕ್ಕಾ, ಇನ್ನೂರು ರೂಪಾಯಿ ಉಳಿಸಿ ಬಂದೀನಿ ನೋಡು!" ಅಂದಳು.

ಪಕ್ಕದಲ್ಲಿ ಕೂತಿದ್ದ ಹಿರಿಯ ಅಕ್ಕ ಕೇಳಿದಳು: "ನೀನು ಎಷ್ಟರ ಅರಿವಿ ತರಾಕ ಹೋಗಿದ್ದಿ?"

"ಏಳ್ನೂರರದು."

"ಕೊಟ್ಟು ಬಂದದ್ದು ಎಷ್ಟು?"

"ಸಾವಿರದ ಮುನ್ನೂರು."

"ಹಂಗಾದ್ರ ಆರ್ನೂರು ಜಾಸ್ತಿ ಹೋತು. ಉಳಿದದ್ದು ಎಲ್ಲಿ ಐತಿ? ತೋರಿಸು ನೋಡೋಣ."

ಅಕ್ಕ ಸುಮ್ಮನಾದಳು. ಆ 600 ರೂಪಾಯಿ ಗ್ಯಾಸ್ ಸಿಲಿಂಡರಿಗೆ ಅಂತ ಎತ್ತಿಟ್ಟ ದುಡ್ಡು. ಹತ್ತು ದಿನಕ್ಕೆ ಗ್ಯಾಸ್ ಮುಗಿಯಿತು. ಸೌದೆ ಕೊಂಡು, ಹೊಗೆ ಕುಡಿದು ಅಡಿಗೆ ಮಾಡಬೇಕಾಯಿತು.

ಆಗ ಇನ್ನೊಬ್ಬ ತಂಗಿ ಬಾಯಿ ಹಾಕಿದಳು: "ಅದ್ಯಾಕಕ್ಕಾ ಹಂಗಂತೀ? ದುಡ್ಡೇನು ನೀರಿಗೆ ಹಾಕ್ಯಾಳೇನು? ಸೀರಿ ಬಂತು, ಹೊದಿಕಿ ಬಂತು. ಎಂಟ್ನೂರರ ಸಾಮಾನು ಆರ್ನೂರಕ್ಕ ಬಂತಲ್ಲ!"

ಈ ತಂಗಿಯ ಮಾತೂ ಸುಳ್ಳಲ್ಲ. ಹಾಗಾದರೆ ಯಾರ ಲೆಕ್ಕ ಸರಿ?

ಇಬ್ಬರದೂ ಸರಿ. ಆದರೆ ನಡುವೆ ಒಂದು ಪ್ರಶ್ನೆ ಇದೆ. ಸೀರೆ ಮತ್ತು ಹೊದಿಕೆ ಹೇಗೂ ಈ ತಿಂಗಳು ಕೊಳ್ಳಬೇಕಾಗಿತ್ತೇ? ಹೌದು ಎಂದಾದರೆ ಅಕ್ಕನಿಗೆ 200 ರೂಪಾಯಿ ನಿಜವಾಗಿ ಉಳಿಯಿತು. ಇಲ್ಲ ಎಂದಾದರೆ 600 ರೂಪಾಯಿ ಖರ್ಚಾಯಿತು. ಕೂಪನ್ ಒಂದೇ. ಅಂಗಡಿ ಒಂದೇ. ಲಾಭ ನಷ್ಟ ತೀರ್ಮಾನ ಮಾಡುವುದು ನಮ್ಮ ಮನೆಯ ಪಟ್ಟಿ.

ಅದಕ್ಕೇ ಮೊದಲು ಪಟ್ಟಿ ಬರೆಯಬೇಕು. ಕೂಪನ್ ನೋಡಿದ ಮೇಲೆ ಬರೆಯುವುದಲ್ಲ, ನೋಡುವ ಮೊದಲೇ ಬರೆಯಬೇಕು. ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದರೂ ಸಾಕು. ಪಟ್ಟಿಯಲ್ಲಿ ಇದ್ದರೆ ಕೂಪನ್ ನಮ್ಮ ಗೆಳತಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಅಂಗಡಿಯವರ ಗೆಳತಿ.

ಉಚಿತ ಸೋಪಿನ ತೂಕ

"ಮೂರು ಸೋಪು ಕೊಂಡರೆ ಒಂದು ಉಚಿತ!" ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಗಾದೆ ಇದೆ. ಆದರೆ ತೂಕ ನೋಡಿ.

ನಾಲ್ಕು ಸೋಪಿನ ಕಟ್ಟು 120 ರೂಪಾಯಿ ಎಂದು ಇಟ್ಟುಕೊಳ್ಳಿ. ಒಂದೊಂದು ಸೋಪು 75 ಗ್ರಾಂ. ಒಟ್ಟು 300 ಗ್ರಾಂ. ಅಂದರೆ 100 ಗ್ರಾಮಿಗೆ 40 ರೂಪಾಯಿ.

ಅದೇ ಸೋಪು ಬಿಡಿಯಾಗಿ 100 ಗ್ರಾಂ ಇದೆ. ಬೆಲೆ 40 ರೂಪಾಯಿ.

ಎರಡೂ ಒಂದೇ ಬೆಲೆ! ಉಚಿತ ಸೋಪು ಎಲ್ಲಿ ಹೋಯಿತು? ಉಳಿದ ಮೂರು ಸೋಪಿನ ತೂಕದಲ್ಲಿ ಕರಗಿ ಹೋಯಿತು.

ಪೊಟ್ಟಣ ತಿರುಗಿಸಿ ನೋಡಿ. ತೂಕ ಬರೆದಿರುತ್ತದೆ. ಗರಿಷ್ಠ ಮಾರಾಟ ಬೆಲೆ, ಅಂದರೆ ಎಂ.ಆರ್.ಪಿ. ಬರೆದಿರುತ್ತದೆ. ಎಲ್ಲಾ ತೆರಿಗೆ ಆ ಬೆಲೆಯ ಒಳಗೇ ಸೇರಿದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಈಚಿನ ವರ್ಷಗಳಲ್ಲಿ ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟು ಬೆಲೆ ಎಂಬುದನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕುತ್ತಾರೆ. ಅದನ್ನು ಹುಡುಕಿ ಓದಿದರೆ ಭಾಗಾಕಾರ ಮಾಡುವ ಕಷ್ಟವೂ ತಪ್ಪುತ್ತದೆ.

ಕೊನೆಯ ದಿನಾಂಕವನ್ನೂ ನೋಡಿ. ಎರಡು ಕೊಂಡರೆ ಎರಡು ಉಚಿತ ಅಂತ ತಂದ ಬಿಸ್ಕತ್ತು ಎಂಟು ದಿನದಲ್ಲಿ ಕೆಡುವುದಾದರೆ ಏನು ಉಪಯೋಗ? ಇನ್ನೊಂದು ಮಾತು ನಮಗೆಲ್ಲಾ ಗೊತ್ತು. ಡಬ್ಬಿ ತುಂಬಾ ಎಣ್ಣೆ ಇದ್ದರೆ ಕೈ ಧಾರಾಳ ಆಗುತ್ತದೆ. ಒಂದು ತಿಂಗಳ ಎಣ್ಣೆ ಇಪ್ಪತ್ತು ದಿನಕ್ಕೆ ಮುಗಿದರೆ ಕೂಪನ್ನಿನ ಲಾಭವೂ ಅದರ ಜೊತೆ ಮುಗಿಯಿತು.

ಬಸ್ಸು ಉಚಿತ, ಕೂಲಿ ಉಚಿತವೇ?

ಸಿರುಗುಪ್ಪದ ಒಬ್ಬ ಚಿಗವ್ವನ ಲೆಕ್ಕ ಕೇಳಿ. ಅವಳಿಗೆ ಕುಕ್ಕರ್ ಬೇಕು. ಪಟ್ಟಿಯಲ್ಲೇ ಇದೆ. ಬಳ್ಳಾರಿಯ ಪಾತ್ರೆ ಅಂಗಡಿಯ ಕೂಪನ್ ಸಿಕ್ಕಿದೆ. 1,500 ರೂಪಾಯಿಯ ಕುಕ್ಕರಿಗೆ ಶೇಕಡಾ 20 ಕಡಿಮೆ. ಅಂದರೆ 1,200 ರೂಪಾಯಿ. ಅದೇ ಕುಕ್ಕರ್ ಸಿರುಗುಪ್ಪದಲ್ಲಿ 1,450 ರೂಪಾಯಿ. ಬಳ್ಳಾರಿಗೆ ಬಂದರೆ 250 ರೂಪಾಯಿ ಉಳಿತಾಯ.

"ಬಸ್ಸಿಗೆ ದುಡ್ಡಿಲ್ಲವಲ್ಲ, ಹೋಗಿ ಬರ್ತೀನಿ" ಅಂದಳು ಚಿಗವ್ವ. ಹೌದು. 2023ರ ಜೂನ್ 11ರಂದು ಕರ್ನಾಟಕ ಸರ್ಕಾರ ಶಕ್ತಿ ಯೋಜನೆ ಶುರು ಮಾಡಿತು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ಉಚಿತವಾಯಿತು. ಆದರೆ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಹೋಗಿ ಬರಲು ಒಂದು ದಿನ ಬೇಕು. ಆ ದಿನ ಗದ್ದೆ ಕೆಲಸದ ಕೂಲಿ ಇಲ್ಲ.

ಲೆಕ್ಕ ಬರೆಯೋಣ.

ಹೋದ ಕೂಲಿ: 350 ರೂಪಾಯಿ
ಚಹಾ, ತಿಂಡಿ: 60 ರೂಪಾಯಿ
ಆಟೋ: 40 ರೂಪಾಯಿ
ಒಟ್ಟು: 450 ರೂಪಾಯಿ

ಉಳಿತಾಯ 250. ಖರ್ಚು 450. ಚಿಗವ್ವನಿಗೆ 200 ರೂಪಾಯಿ ನಷ್ಟ! ಬಸ್ ಟಿಕೆಟ್ ಉಚಿತ ಇರಬಹುದು. ನಮ್ಮ ದಿನ ಉಚಿತ ಅಲ್ಲ. ನಮ್ಮ ಕೂಲಿಗೆ ನಾವೇ ಬೆಲೆ ಕಟ್ಟದಿದ್ದರೆ ಬೇರೆ ಯಾರು ಕಟ್ಟುತ್ತಾರೆ?

ಆದರೆ ಚಿಗವ್ವ ದೊಡ್ಡಾಸ್ಪತ್ರೆಗೆ ಹೇಗೂ ಬಳ್ಳಾರಿಗೆ ಬರಬೇಕಾಗಿದ್ದರೆ? ಆಗ 250 ರೂಪಾಯಿ ಪೂರ್ತಿ ಲಾಭ. ಓಣಿಯ ಮೂವರಿಗೆ ಕುಕ್ಕರ್ ಬೇಕಾಗಿದ್ದರೆ? ಮೂರು ಕೂಪನ್ ಹಿಡಿದು ಒಬ್ಬಳೇ ಬಂದರೆ ಉಳಿತಾಯ 750. ಖರ್ಚು 450. ಅವಳ ಕೂಲಿ ಅವಳಿಗೆ ಕೊಟ್ಟ ಮೇಲೂ ಮೂವರಿಗೆ ಸೇರಿ 300 ಉಳಿಯುತ್ತದೆ. ತಲೆಗೆ 100 ರೂಪಾಯಿ.

ಸಾಲ ಮಾಡಿ ಕೂಪನ್ ಬೇಡ

ಕೈಯಲ್ಲಿ ದುಡ್ಡಿಲ್ಲ. ಕೂಪನ್ನಿನ ದಿನ ಮುಗಿಯುತ್ತಿದೆ. "ಸಾಲ ತಂದರೆ ಹೇಗೆ?" ಅನಿಸುತ್ತದೆ.

1,000 ರೂಪಾಯಿ ಸಾಲ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ. ತಿಂಗಳಿಗೆ 50 ರೂಪಾಯಿ ಬಡ್ಡಿ ಆಯಿತು. ಕೂಪನ್ನಿನಿಂದ ಉಳಿದದ್ದು 100 ರೂಪಾಯಿ. ಎರಡು ತಿಂಗಳಿಗೆ ಆ ನೂರು ಬಡ್ಡಿಗೆ ಹೋಯಿತು. ಮೂರನೆಯ ತಿಂಗಳಿನಿಂದ ನಮ್ಮ ಕೈಯಿಂದಲೇ ಹೋಗುತ್ತದೆ. ಕೂಪನ್ನಿಗೆ ಕೊನೆಯ ದಿನ ಇದೆ. ಬಡ್ಡಿಗೆ ಕೊನೆಯ ದಿನ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಓಣಿಯ ಕಿರಾಣಿ ಅಂಗಡಿಯನ್ನೂ ಮರೆಯಬಾರದು. ಅಲ್ಲಿ ಕೂಪನ್ ಇಲ್ಲ. ಎರಡು ರೂಪಾಯಿ ಹೆಚ್ಚೇ ಇರಬಹುದು. ಆದರೆ ಮಗುವಿಗೆ ಜ್ವರ ಬಂದ ವಾರ ಉದ್ರಿ ಕೊಡುವುದು ಆ ಅಂಗಡಿ. ಬಡ್ಡಿ ಇಲ್ಲದ ಉದ್ರಿಗೂ ಒಂದು ಬೆಲೆ ಇದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೂಡಿ ಕೊಂಡರೆ ಲಾಭ

ದಿನಗೂಲಿಯವರು ದಿನದ ಲೆಕ್ಕದಲ್ಲಿ ಸಾಮಾನು ತರುತ್ತೇವೆ. ದೊಡ್ಡ ವ್ಯಾಪಾರದ ಕೂಪನ್ ನಮಗೆ ನಿಲುಕುವುದಿಲ್ಲ. ಇದಕ್ಕೆ ದಾರಿ ಇದೆ.

ನಾಲ್ವರು ಅಕ್ಕಂದಿರು. ಒಬ್ಬೊಬ್ಬರಿಗೆ ತಿಂಗಳಿಗೆ 250 ರೂಪಾಯಿಯ ಬೇಳೆ, ಸೋಪು, ಎಣ್ಣೆ ಬೇಕು. ಕೂಪನ್ ಹೇಳುವುದು "1,000 ರೂಪಾಯಿ ಮೇಲ್ಪಟ್ಟು 100 ರೂಪಾಯಿ ಕಡಿಮೆ." ನಾಲ್ವರೂ ಸೇರಿ ಒಂದೇ ಬಿಲ್ಲು ಮಾಡಿಸಿದರೆ 1,000 ಆಯಿತು. 900 ಕೊಟ್ಟರೆ ಸಾಕು. ತಲೆಗೆ 25 ರೂಪಾಯಿ ಉಳಿಯಿತು. ಪ್ರತಿ ತಿಂಗಳೂ ಇಂಥದೊಂದು ಕೂಪನ್ ಸಿಕ್ಕರೆ ವರ್ಷಕ್ಕೆ ತಲೆಗೆ 300 ರೂಪಾಯಿ. ಹನಿ ಹನಿ ಕೂಡಿದರೆ ಹಳ್ಳ!

ಆದರೆ ಬಾಯಿ ಲೆಕ್ಕ ಬೇಡ. ಯಾರದು ಎಷ್ಟು ಎಂದು ಹಾಳೆಯಲ್ಲಿ ಬರೆಯಿರಿ. ನಾಲ್ವರೂ ಓದಿ, ಸಹಿ ಹಾಕಿ. ಬರೆದ ಲೆಕ್ಕ ಗೆಳೆತನ ಉಳಿಸುತ್ತದೆ.

ಮೋಸದ ಚೀಟಿ

ಕೆಲವು ಚೀಟಿಯಲ್ಲಿ ಲೆಕ್ಕ ಹಾಕುವ ಕೆಲಸವೇ ಇಲ್ಲ. ದೂರ ಇಡುವುದೇ ಸರಿ.

ಮೊದಲನೆಯದು ಲಕ್ಕಿ ಸ್ಕೀಮ್. ತಿಂಗಳಿಗೆ ಇಷ್ಟು ಕಟ್ಟಿ, ನಂಬರ್ ಎತ್ತುತ್ತೇವೆ, ಬಂದವರಿಗೆ ಬೈಕು ಅಥವಾ ಬಂಗಾರ, ಅವರು ಮುಂದೆ ಕಂತು ಕಟ್ಟಬೇಕಿಲ್ಲ ಎನ್ನುತ್ತಾರೆ. ಇಂಥ ಬಹುಮಾನದ ಚೀಟಿಗಳನ್ನು 1978ರ ಕಾನೂನು ನಿಷೇಧಿಸಿದೆ. ನಡೆಸುವುದು ಅಪರಾಧ. ನಡೆಸುವವರು ರಾತ್ರೋರಾತ್ರಿ ಊರು ಬಿಟ್ಟರೆ ನಮ್ಮ ಕಂತು ಕೇಳುವುದು ಯಾರನ್ನು?

ಎರಡನೆಯದು ಮೊಬೈಲಿನ ಚೀಟಿ. "ನಿಮಗೆ ಬಹುಮಾನ ಬಂದಿದೆ, ಇಲ್ಲಿ ಒತ್ತಿ" ಎಂದು ಬರುತ್ತದೆ. ಒತ್ತಬೇಡಿ. ಓಟಿಪಿ ಯಾರಿಗೂ ಹೇಳಬೇಡಿ. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಮೊಬೈಲಿನಲ್ಲಿ ಹಣ ಕಳಿಸಲು ಮಾತ್ರ ಪಿನ್ ಬೇಕು. ಹಣ ಪಡೆಯಲು ಪಿನ್ ಬೇಡ. ಬಹುಮಾನ ಕೊಡುತ್ತೇವೆ, ಪಿನ್ ಒತ್ತಿ ಎಂದರೆ ಅದು ಮೋಸ. ಹಣ ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಕಾನೂನು ನಮ್ಮ ಕಡೆ ಇದೆ

ನಮ್ಮ ದೇಶದಲ್ಲಿ 1986ರಲ್ಲಿ ಗ್ರಾಹಕರ ರಕ್ಷಣೆಗೆ ಕಾನೂನು ಬಂತು. ಅದರ ಜಾಗದಲ್ಲಿ 2019ರ ಹೊಸ ಕಾನೂನು 2020ರ ಜುಲೈನಿಂದ ಜಾರಿಗೆ ಬಂದಿದೆ. ಅದು ಹೀಗೆ ಹೇಳುತ್ತದೆ:

ಕೊಡುತ್ತೇವೆ ಎಂದ ಬಹುಮಾನವನ್ನು ಕೊಡುವ ಮನಸ್ಸಿಲ್ಲದೆ ಆಸೆ ತೋರಿಸುವುದು ತಪ್ಪು.
ಬೆಲೆಯೊಳಗೆ ದುಡ್ಡು ಸೇರಿಸಿ "ಉಚಿತ" ಎಂದು ನಂಬಿಸುವುದು ತಪ್ಪು.
ಬಿಲ್ಲು ಕೊಡದೆ ಇರುವುದು ತಪ್ಪು.
ದೋಷ ಇರುವ ಮಾಲನ್ನು ವಾಪಸು ತೆಗೆದುಕೊಳ್ಳದೆ ಇರುವುದು ತಪ್ಪು. ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೆ 30 ದಿನದ ಒಳಗೆ ವಾಪಸು ತೆಗೆದುಕೊಳ್ಳಬೇಕು.

ಜಾಹೀರಾತಿನ ಬಗ್ಗೆ 2022ರ ಜೂನ್‌ನಲ್ಲಿ ಬಂದ ನಿಯಮವೂ ಇದೆ. ಆಸೆಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು. ದೊಡ್ಡ ಅಕ್ಷರ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ ಎಂದರೆ ನಡೆಯದು.

ದೂರು ಇದ್ದರೆ 1915ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಅರ್ಜಿ ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಅರ್ಜಿಗೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಆದರೆ ಬಿಲ್ಲು ಬೇಕು, ಕೂಪನ್ನೂ ಬೇಕು. ಎರಡನ್ನೂ ಜೋಪಾನವಾಗಿ ಇಡಿ.

ಐದು ಪ್ರಶ್ನೆ

ಕೂಪನ್ ಕೈಗೆ ಬಂದಾಗ ಐದು ಬೆರಳು ಮಡಚುತ್ತಾ ಕೇಳಿಕೊಳ್ಳಿ.

1. ಈ ಸಾಮಾನು ನನ್ನ ಪಟ್ಟಿಯಲ್ಲಿ ಇದೆಯೇ?
2. ಬೇರೆ ಅಂಗಡಿಯಲ್ಲಿ, ಇದೇ ತೂಕಕ್ಕೆ, ಬೆಲೆ ಎಷ್ಟು?
3. ಹೋಗಿ ಬರುವ ಖರ್ಚು, ಕೂಲಿ ಎಷ್ಟು?
4. ದುಡ್ಡು ಕೈಯಲ್ಲಿ ಇದೆಯೇ, ಸಾಲ ಮಾಡಬೇಕೇ?
5. ಸಣ್ಣ ಅಕ್ಷರ ಪೂರ್ತಿ ಓದಿದೆನೇ?

ಐದಕ್ಕೂ ಒಳ್ಳೆಯ ಉತ್ತರ ಬಂದರೆ ಧೈರ್ಯವಾಗಿ ಹೋಗಿ. ಒಂದಕ್ಕೆ ಅನುಮಾನ ಬಂದರೆ ಚೀಟಿ ಮಡಚಿ ಇಡಿ. ಕೂಪನ್ ಮತ್ತೆ ಬರುತ್ತದೆ. ಹೋದ ದುಡ್ಡು ಸುಲಭಕ್ಕೆ ಬರುವುದಿಲ್ಲ.

ಅಭ್ಯಾಸ

ಓದಿ, ಬರೆಯಿರಿ: ರಿಯಾಯಿತಿ, ಷರತ್ತು, ಶೇಕಡಾ, ಮೇಲ್ಪಟ್ಟು, ಗ್ರಾಹಕ, ಉಳಿತಾಯ.

ಲೆಕ್ಕ ಮಾಡಿ:

1. ನಿಮಗೆ 250 ರೂಪಾಯಿಯ ಛತ್ರಿ ಬೇಕು. ಕೂಪನ್ನಿಗಾಗಿ 250 ರೂಪಾಯಿಯ ಬೇಡದ ಚೀಲವನ್ನೂ ಕೊಂಡಿರಿ. 500ಕ್ಕೆ 50 ಕಡಿಮೆ ಮಾಡಿದರು. ನೀವು ಎಷ್ಟು ಹೆಚ್ಚು ಖರ್ಚು ಮಾಡಿದಿರಿ?

2. ಚಹಾಪುಡಿ 250 ಗ್ರಾಮಿಗೆ 120 ರೂಪಾಯಿ. ಇನ್ನೊಂದು ಪೊಟ್ಟಣದಲ್ಲಿ 200 ಗ್ರಾಂ, ಜೊತೆಗೆ 50 ಗ್ರಾಂ ಉಚಿತ. ಬೆಲೆ 125 ರೂಪಾಯಿ. ಯಾವುದು ಅಗ್ಗ?

(ಉತ್ತರ: 1. 200 ರೂಪಾಯಿ. 2. ಮೊದಲನೆಯದು.)

ಚರ್ಚೆ ಮಾಡಿ: ನಿಮ್ಮ ಮನೆಗೆ ಬಂದ ಒಂದು ಕೂಪನ್ ತನ್ನಿ. ಎಲ್ಲರೂ ಸೇರಿ ಸಣ್ಣ ಅಕ್ಷರ ಓದಿ. "ಮಾತ್ರ" ಎಷ್ಟು ಸಲ ಬಂದಿದೆ, ಎಣಿಸಿ.